ಆಕಾಶಕ್ಕೆ ಪಟ್ಟೆ ಬಂದದ್ದು ನನ್ನಿಂದಲ್ಲ

ಎಲ್ಲರ ಕೆಲಸದಲ್ಲೂ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತದೆ. ನನ್ನ ಕೆಲಸದಲ್ಲಿ ಮಾತ್ರ ಎಡವಟ್ಟು ಮಾಡುವವರು ಬೇರೆಯವರು, ಬೈಸಿಕೊಳ್ಳುವವನು ನಾನು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ, ಬೋರ್ಡು ಮಾಡಿಕೊಡುವ ಅಂಗಡಿ ನನ್ನದು. ಕಂಪ್ಯೂಟರ್ ಬರುವ ಮೊದಲು ಗೋಡೆ ಮೇಲೆ, ತಗಡಿನ ಮೇಲೆ ಬ್ರಷ್ ಹಿಡಿದು ಬರೆಯುತ್ತಿದ್ದವನು. ಕೆಂಪು ಎಲ್ಲಿ ಮುಗಿಯಿತು, ಹಳದಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗದ ಹಾಗೆ ಬಣ್ಣ ಕೂಡಿಸುತ್ತಾನೆ ಅಂತ ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಹೆಸರಿತ್ತು. ನಾನು ಸಂಪಾದಿಸಿದ್ದು ಆ ಹೆಸರೊಂದೇ. ಈಗ ಅದಕ್ಕೇ ಕಲ್ಲು ಬಿದ್ದಿದೆ.

ವಿಷಯ ಇಷ್ಟೇ. ಒಂದು ಬಣ್ಣ ಇನ್ನೊಂದು ಬಣ್ಣಕ್ಕೆ ಮೆಲ್ಲಗೆ ತಿರುಗಬೇಕಾದರೆ ನಡುವೆ ನೂರಾರು ಛಾಯೆ ಬೇಕು. ಪರದೆಗೆ ಅಷ್ಟು ಛಾಯೆ ತೋರಿಸುವ ತಾಕತ್ತಿಲ್ಲದಿದ್ದರೆ ಅದು ಇರುವಷ್ಟರಲ್ಲೇ ಸುಧಾರಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ನುಣ್ಣಗಿರಬೇಕಾದ ಆಕಾಶ ಪಟ್ಟಾಪಟ್ಟಿ ಚಡ್ಡಿಯ ಬಟ್ಟೆಯಂತೆ ಕಾಣುತ್ತದೆ. ಇದನ್ನು ಊರಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಪೂರ್ತಿ ಕೇಳಿಸಿಕೊಂಡವರು ಇನ್ನೂ ಸಿಕ್ಕಿಲ್ಲ.

ಸಂಜೆ ಆಕಾಶದ ಸೀರೆ

ಶುರುವಾದದ್ದು ಪಾಂಡವಪುರದ ಒಂದು ಮದುವೆಯಲ್ಲಿ. ಹೆಣ್ಣಿನ ಸೋದರಮಾವ ಬಂದು, ವೇದಿಕೆ ಹಿಂದಿನ ಎಲ್ಇಡಿ ಗೋಡೆಗೆ ಒಂದು ಚಿತ್ರ ಬೇಕು ಅಂದರು. ಕುಂಕುಮದ ಕೆಂಪಿನಿಂದ ಅರಿಶಿನದ ಹಳದಿಗೆ ಇಳಿಯುವ ಸಂಜೆಯ ಆಕಾಶ, ನಡುವೆ ಹುಡುಗ ಹುಡುಗಿಯ ಹೆಸರು. ಎರಡು ದಿನ ಕೂತು ಮಾಡಿದೆ. ಬೆಣ್ಣೆಯ ಹಾಗೆ ಬಂದಿತ್ತು.

ಆರತಕ್ಷತೆಯ ದಿನ ಸಂಜೆ ಸೋದರಮಾವನ ಫೋನು. "ಏನ್ ಸ್ವಾಮಿ, ಆಕಾಶ ಮಾಡ್ಕೊಡಿ ಅಂದ್ರೆ ಜಮಖಾನ ಮಾಡ್ಬುಟ್ಟಿದ್ದೀರಲ್ಲ!"

ಬಸ್ಸು ಹತ್ತಿ ಹೋದೆ. ನೋಡಿದರೆ ನಿಜವೇ, ಆಕಾಶದಲ್ಲಿ ಎಂಟು ಅಡ್ಡಪಟ್ಟೆ. ಗೋಡೆ ನಡೆಸುವವನು ಕೈಕಟ್ಟಿಕೊಂಡು ನಿಂತು, "ಫೈಲಲ್ಲೇ ಅಂಗೈತೆ ಸಾರ್" ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡಿಸಿದಾಗ ಗೊತ್ತಾಯಿತು: ಗಂಡಿನ ಕಡೆಯವರು ಕಣ್ಣು ಚುಚ್ಚುತ್ತದೆ ಅಂದರಂತೆ, ಇವನು ಗೋಡೆಯ ಬೆಳಕನ್ನು ಪೂರ್ತಿ ತಳಕ್ಕೆ ಇಳಿಸಿದ್ದಾನೆ. ಬೆಳಕು ಅಷ್ಟು ಇಳಿಸಿದರೆ ಛಾಯೆಗಳೂ ಜೊತೆಗೇ ಕಳೆದುಹೋಗುತ್ತವೆ. ಹೀಗೆ ಹೀಗೆ ಅಂತ ಸೋದರಮಾವನಿಗೆ ವಿವರಿಸಿದೆ. ಅವರು ನನ್ನ ಭುಜ ತಟ್ಟಿ, "ಆಯ್ತು ಬುಡಿ, ತಪ್ಪು ಎಲ್ರೂ ಮಾಡ್ತಾರೆ, ಊಟ ಮಾಡ್ಕಂಡ್ ಓಗಿ" ಅಂದರು. ತಪ್ಪು ನನ್ನದಲ್ಲ ಅಂತ ತಾನೇ ನಾನು ಇಷ್ಟು ಹೊತ್ತು ಹೇಳಿದ್ದು!

ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸೊಬ್ಬರು, ಇದನ್ನು ಮಾಡಿದವನು ನಾನೇ ಅಂತ ಯಾರಿಂದಲೋ ತಿಳಿದುಕೊಂಡು, ಮೆಲ್ಲಗೆ ಕೇಳಿದರು: "ಅಣ್ಣ, ಇಂದ್ಗಡೆ ತೂಗಾಕಿರೋ ಆ ಸೀರೆ ಎಲ್ ಸಿಕ್ತದೆ?"

ಆರು ಬಿಟ್ಟು

ಆ ಮದುವೆಗೆ ಬಂದಿದ್ದವರು ಸುಮ್ಮನಿರುತ್ತಾರೆಯೇ? ಹದಿನೈದು ದಿನದೊಳಗೆ ನನ್ನ ಅಂಗಡಿಗೆ "ಪಟ್ಟೆ ಅಂಗಡಿ" ಅಂತ ಹೆಸರಾಯಿತು. ಬಸ್ ಸ್ಟ್ಯಾಂಡಿನಲ್ಲಿ ವಿಳಾಸ ಕೇಳಿದವರಿಗೂ ಹಾಗೆಯೇ ತೋರಿಸಿದರು. ಎದುರಿನ ಟೀ ಅಂಗಡಿಯವನು ಇದನ್ನು ಬೆಳಗ್ಗೆ ಮೊದಲ ಟೀ ಜೊತೆಗೇ ನನಗೆ ತಲುಪಿಸಿದ.

ಇರಲಿ, ನನ್ನ ಕಡೆಯಿಂದ ಲೋಪ ಬೇಡ ಅಂತ ಹಳೆಯ ಮಾನಿಟರ್ ತೆಗೆದು ಹೊಸದು ತರಿಸಿದೆ. ವ್ಯಾಪಾರಿ ಎದೆ ತಟ್ಟಿ ಹೇಳಿದ್ದ, ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ ತೋರಿಸುತ್ತದೆ ಅಂತ. ಹಚ್ಚಿ ನೋಡಿದರೆ ಹಳೆಯದರಲ್ಲಿ ನುಣ್ಣಗಿದ್ದ ಆಕಾಶಕ್ಕೂ ಇದರಲ್ಲಿ ಪಟ್ಟೆ! ಫೋನು ಮಾಡಿದೆ.

"ಸಾರ್, ಅಷ್ಟು ಬಣ್ಣ ಮನುಷ್ಯರ ಕಣ್ಣಿಗೆ ಕಾಣಲ್ಲ" ಅಂದ.

"ಬಣ್ಣ ಕಾಣದ ಕಣ್ಣಿಗೆ ಪಟ್ಟೆ ಹೇಗೆ ಕಾಣ್ತಿದೆ?" ಅಂದೆ.

ಮಾರನೆಯ ದಿನ ರಿಪೇರಿಯವನನ್ನು ಕಳಿಸಿದ. ಅವನು ಪರದೆಯ ಹಿಂದೆ ಮುಂದೆ ನೋಡಿ, ಮೊಬೈಲಿನಲ್ಲಿ ಏನೋ ಓದಿ, ಗಂಟಲು ಸರಿಮಾಡಿಕೊಂಡ. "ಸಾರ್, ಬಣ್ಣದ ಅಳತೆ ಬಿಟ್ಟಿನಲ್ಲಿ ಹೇಳ್ತಾರೆ. ಬಿಟ್ಟು ಜಾಸ್ತಿ ಇದ್ದಷ್ಟೂ ಛಾಯೆ ಜಾಸ್ತಿ. ಎಂಟು ಬಿಟ್ಟು ಬರಬೇಕಾಗಿತ್ತು, ಇದು ಆರು ಬಿಟ್ಟು ಬಂದಿದೆ. ಉಳಿದ ಛಾಯೆನ ಅದೇ ಮಿನುಗಿಸಿ ಮಿನುಗಿಸಿ ಅಡ್ಜಸ್ಟ್ ಮಾಡ್ಕೊಳ್ಳುತ್ತೆ."

ಅಂದರೆ ಒಂದು ಕೋಟಿ ಅರವತ್ತೇಳು ಲಕ್ಷ ಅನ್ನುವುದು ಬರೀ ಅಡ್ಜಸ್ಟ್‌ಮೆಂಟು! ಇಂಥ ಮೋಸವನ್ನು ಪೆಟ್ಟಿಗೆಯ ಮೇಲೆ ಕಾಮನಬಿಲ್ಲು ಬರೆದು ಮಾರುತ್ತಾರಲ್ಲ, ಅವರನ್ನು ಕೇಳುವವರು ಯಾರು? ವಾಪಸು ತೆಗೆದುಕೊಳ್ಳಲೂ ಒಪ್ಪಲಿಲ್ಲ. ಪೆಟ್ಟಿಗೆ ಹರಿದರೆ ಮುಗಿಯಿತಂತೆ. ಹಳೆಯದನ್ನು ಆಗಲೇ ಗುಜರಿಯವನು ಎತ್ತಿಕೊಂಡು ಹೋಗಿದ್ದ. ಹೀಗೆ ಬಣ್ಣದ ಕೆಲಸದವನ ಅಂಗಡಿಯಲ್ಲೇ ಬಣ್ಣ ಕಡಿಮೆಯಿರುವ ಪರದೆ ನೆಲೆಯಾಯಿತು.

ಟೀ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ಟೀ ಅಂಗಡಿಯವನು ಎಲ್ಲ ಕೇಳಿಸಿಕೊಂಡು ರಿಪೇರಿಯವನ ಮೇಲೆ ರೇಗಿದ. "ಏನಯ್ಯಾ ನೀನು! ಎಂಟು ಬುಟ್ಟು ಬರ್ಬೇಕಾಗಿತ್ತು ಅಂತೀಯ, ಆರು ಬುಟ್ಟು ಬಂದದೆ ಅಂತೀಯ. ಏನೂ ಬುಡ್ದಂಗೆ ತಂದ್ಕೊಡಕ್ಕೆ ನಿಮ್ಗೇನ್ಲಾ ರೋಗ?"

ಒರಿಜಿನಲ್ಲು

ಗಂಜಾಂನಿಂದ ಒಬ್ಬರು ಗೃಹಪ್ರವೇಶದ ಆಮಂತ್ರಣವನ್ನು ಮೊಬೈಲಿಗೆ ಮಾಡಿಸಿಕೊಂಡು ಹೋದರು. ನೀಲಿ ಆಕಾಶ, ಕೆಳಗೆ ಮನೆ. ಮೂರು ದಿನ ಬಿಟ್ಟು ಅಂಗಡಿಗೇ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದರು. ಆಕಾಶದಲ್ಲಿ ಪಟ್ಟೆ, ಮನೆಯ ಸುತ್ತ ಮಸಿ.

"ನಾನು ಕಳಿಸಿದ್ದು ಇದಲ್ಲ" ಅಂದೆ. ವಿಚಾರಿಸಿದರೆ ಅದನ್ನು ಅವರ ಬಾಮೈದ ಸ್ಟೇಟಸ್ಸಿಗೆ ಹಾಕಿದ್ದಾನೆ, ಯಾರೋ ಅದರ ಸ್ಕ್ರೀನ್‌ಶಾಟ್ ಹೊಡೆದು ಬಂಧುಗಳ ಗ್ರೂಪಿಗೆ ಬಿಟ್ಟಿದ್ದಾರೆ, ಅಲ್ಲಿಂದ ಇನ್ನು ಯಾವ್ಯಾವ ಗ್ರೂಪು ಸುತ್ತಿತೋ, ಕಡೆಗೆ ಇವರಿಗೇ ವಾಪಸು ಬಂದಿದೆ. ಒಂದೊಂದು ಕೈ ದಾಟಿದಾಗಲೂ ಒಂದಷ್ಟು ಬಣ್ಣ ಉದುರಿದೆ. ನಾನು ಕಳಿಸಿದ್ದನ್ನು ಅವರ ಮೊಬೈಲಿನಲ್ಲೇ ಹುಡುಕಿ ತೆಗೆದು ಪಕ್ಕದಲ್ಲಿಟ್ಟು ತೋರಿಸಿದೆ. ಅದು ಕನ್ನಡಿಯ ಹಾಗಿತ್ತು.

ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮೇಲೆಯೇ ಕಣ್ಣು ಕೆಂಪಗೆ ಮಾಡಿದರು. "ಸರಿ, ಇದು ಚೆನ್ನಾಗೈತೆ. ಆದ್ರೆ ಊರಿನವ್ರೆಲ್ಲ ನೋಡಿರೋದು ಅದನ್ನಲ್ವಾ? ಈಗ ಇದುನ್ನ ಕಳಿಸುದ್ರೆ ಯಾವ್ದೋ ಬ್ಯಾರೆ ಮನೆ ಅಂದ್ಕಳಾಕಿಲ್ವಾ?"

ತೊಳೆದ ಧೂಳು

ಪಟ್ಟೆಗೆ ಮದ್ದಿಲ್ಲವೇ ಅಂದರೆ ಇದೆ. ಚಿತ್ರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ರಂಗೋಲಿ ಪುಡಿ ಉದುರಿಸಿದ ಹಾಗೆ ಉದುರಿಸಿದರೆ ಪಟ್ಟೆಯ ಅಂಚುಗಳು ಒಡೆದು ಬಣ್ಣ ಕೂಡಿಕೊಳ್ಳುತ್ತದೆ. ಇದನ್ನು ನಾನೇ ಮಾಡಿ ನೋಡಿ ಕಲಿತೆ. ಮೊದಲ ಪ್ರಯೋಗ ನಾಗಮಂಗಲ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವದ ಫ್ಲೆಕ್ಸು. ಸೂರ್ಯೋದಯ. ಅಚ್ಚಾಗಿ ಬಂದಾಗ ಒಂದೇ ಒಂದು ಪಟ್ಟೆಯಿರಲಿಲ್ಲ. ಹೋದ ಹೆಸರು ಇನ್ನೇನು ತಿರುಗಿ ಬಂತು ಅಂತ ನಾನು ಕಾದು ಕೂತೆ.

ಬಂದದ್ದು ಹೆಡ್‌ಮಾಸ್ತರ ಫೋನು. "ಏನ್ರೀ, ಫ್ಲೆಕ್ಸ್ ತುಂಬ ಧೂಳು?"

"ಅದು ಧೂಳಲ್ಲ ಸಾರ್, ನಾನೇ ಹಾಕಿದ್ದು" ಅಂದೆ.

"ನೀವೇ ಧೂಳು ಹಾಕಿದ್ರಾ?" ಅಂದರು. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಫೋನು ಇಟ್ಟರು.

ನಾನೇ ಅಲ್ಲಿಗೆ ಓಡಿದೆ. ಹೋಗುವಷ್ಟರಲ್ಲಿ ನನ್ನ ಸೂರ್ಯೋದಯವನ್ನು ಅಂಗಳದಲ್ಲಿ ಮಲಗಿಸಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ಸೂರ್ಯನ ಒಂದು ಕಡೆ ಆಗಲೇ ಬಿಳಿಚಿಕೊಂಡಿತ್ತು. ನನಗೆ ಅಳು ಬರುವುದೊಂದು ಬಾಕಿ. ಹತ್ತಿರದಿಂದ ಮೂಗು ತಾಗಿಸಿ ನೋಡಿದರೆ ಚುಕ್ಕಿ ಕಾಣುತ್ತದೆ, ನಿಜ. ಸೂರ್ಯೋದಯವನ್ನು ಯಾರಾದರೂ ಮೂಗು ತಾಗಿಸಿ ನೋಡುತ್ತಾರೆಯೇ?

ಹೆಡ್‌ಮಾಸ್ತರು ಬೆವರು ಒರೆಸಿಕೊಳ್ಳುತ್ತ ಬಂದು ಹೇಳಿದರು: "ಎರಡು ಸಲ ತೊಳೆಸಿದೆ, ಹೋಗ್ಲಿಲ್ಲ. ಆದ್ರೂ ಒಂದು ಮಾತು ಒಪ್ಪಬೇಕು ಕಣ್ರೀ. ಧೂಳನ್ನ ಎಲ್ಲಾ ಕಡೆಗೂ ಸಮವಾಗಿ ಹಾಕಿದ್ದೀರಿ."

ದಾಸಯ್ಯ ಬಂದು ಹೋದ

ಇನ್ನು ಮುಂದೆ ಚುಕ್ಕಿಯ ಸಹವಾಸವೇ ಬೇಡ ಅಂತ ನಾನು ಆಣೆ ಮಾಡಿದ ವಾರವೇ ಇದು ನಡೆಯಿತು.

ಹತ್ತಿರದ ಹಳ್ಳಿಯ ದೊಡ್ಡ ಮನೆತನದ ಯಜಮಾನರು ತೀರಿಕೊಂಡಿದ್ದರು. ಅವರದು ನಾಮದ ಮನೆ. ಹಣೆಯಲ್ಲಿ ಉದ್ದನೆಯ ನಾಮವಿಲ್ಲದೆ ಅವರು ಹೊಸಿಲು ದಾಟಿದ್ದನ್ನು ಯಾರೂ ಕಂಡಿಲ್ಲ. ಮಗ ತಿಥಿಗೆ ಶ್ರದ್ಧಾಂಜಲಿಯ ಫ್ಲೆಕ್ಸು ಹಾಕಿಸಬೇಕು ಅಂತ ಬಂದ. ಅವನು ತಂದ ಚಿತ್ರ ಮೊಬೈಲ್ ವಿಡಿಯೋದಿಂದ ಕಿತ್ತದ್ದು. ಯಜಮಾನರು ಬೆಳಗ್ಗೆ ಎದ್ದು ಹಲ್ಲುಜ್ಜಲು ಹೊರಟಾಗ ತೆಗೆದದ್ದು. ಸ್ನಾನ ಆಗಿಲ್ಲ, ನಾಮವೂ ಇಲ್ಲ, ಮುಖ ಕತ್ತಲೆಯಲ್ಲಿದೆ.

"ಬೇರೆ ಫೋಟೋ ಇಲ್ವೇನಪ್ಪ?"

"ನಗ್ತಾ ಇರೋದು ಇದೊಂದೇ ಅಣ್ಣ" ಅಂದ. ಅದನ್ನೇ ಕಂಪ್ಯೂಟರಿಗೆ ಹಾಕಿದೆ.

"ಮೊಖ ಒಂಚೂರು ಬೆಳ್ಳಗ್ ಮಾಡಣ್ಣ" ಅಂದ. ಮಾಡಿದೆ. "ಇನ್ನೊಂಚೂರು." ಮಾಡಿದೆ. "ಇನ್ನೂ." ನೋಡಪ್ಪ, ಚಿತ್ರದಲ್ಲಿ ಇರುವ ನಾಲ್ಕು ಛಾಯೆಯನ್ನೇ ಹೀಗೆ ಎಳೆದರೆ ಒಡೆದುಕೊಳ್ಳುತ್ತದೆ, ಮುಖದಲ್ಲಿ ಪಟ್ಟೆ ಬರುತ್ತದೆ ಅಂತ ಬಿಡಿಸಿ ಹೇಳಿದೆ. "ನಿಮ್ಗೆ ಯಾವಾಗ್ಲೂ ಪಟ್ಟೇದೇ ಚಿಂತೆ, ಅದ್ಕೇ ಊರ್ನೋರು ಅಂಗಂತಾರೆ" ಅಂದುಬಿಟ್ಟ. ಆ ಮಾತು ನನಗೆ ಚುಚ್ಚಿತು. ಹಟಕ್ಕೆ ಬಿದ್ದು ಅವನು ಹೇಳಿದಷ್ಟೂ ಬೆಳ್ಳಗೆ ಮಾಡಿ ಕೊಟ್ಟೆ; ಅಚ್ಚು ಹಾಕಿಸಿಕೊಂಡದ್ದು ಅವನೇ, ಬೇರೆ ಕಡೆ. ಪಟ್ಟೆ ಬಂತೋ ಇಲ್ಲವೋ ನನಗೂ ತಿಳಿಯಲಿಲ್ಲ. ನನ್ನ ಪರದೆಯಲ್ಲಿ ಎಲ್ಲದಕ್ಕೂ ಪಟ್ಟೆಯೇ. ಯಾವುದು ಚಿತ್ರದ್ದು, ಯಾವುದು ಪರದೆಯದು ಅಂತ ಯಾವ ಕಣ್ಣು ಹೇಳೀತು?

ತಿಥಿಯ ದಿನ ಬೆಳಗ್ಗೆ ಹತ್ತಕ್ಕೆ ಮಗನ ಫೋನು. ಅಳುತ್ತಿದ್ದಾನೋ ಬೈಯುತ್ತಿದ್ದಾನೋ ತಿಳಿಯದು. "ಅಣ್ಣೋ, ದಾಸಯ್ಯ ಬಂದು ವಾಪಸ್ ಒಂಟೋಗ್ಬುಟ್ಟ! ಮೊದ್ಲು ಬಾ ಇಲ್ಲಿಗೆ!"

ದಾಸಯ್ಯ ಬಂದು ಶಂಖ ಊದದೆ, ಜಾಗಟೆ ಬಾರಿಸದೆ ಆ ಮನೆಯಲ್ಲಿ ತಿಥಿ ನಡೆಯುವುದಿಲ್ಲ, ಎಲೆಯನ್ನೂ ಹಾಕುವುದಿಲ್ಲ. ಅವರ ಕಾಯಂ ದಾಸಯ್ಯ ಮೈ ಸರಿಯಿಲ್ಲದೆ ನಾಗಮಂಗಲ ಕಡೆಯಿಂದ ಬೇರೊಬ್ಬನನ್ನು ಕಳಿಸಿದ್ದ. ಈತನಿಗೆ ಮನೆ ಗೊತ್ತಿಲ್ಲ. ಫ್ಲೆಕ್ಸ್ ಇರುವ ಮನೆ ಅಂತ ಗುರುತು ಹೇಳಿದ್ದರು.

ಹೋಗಿ ನೋಡಿದೆ. ಬಾಗಿಲ ಪಕ್ಕ ಆಳೆತ್ತರದ ಯಜಮಾನರು ನಗುತ್ತಿದ್ದಾರೆ, ಹಣೆಯ ಮೇಲೆ ಅಳತೆ ಇಟ್ಟು ಎಳೆದ ಹಾಗೆ ಮೂರು ಬಿಳಿಯ ಅಡ್ಡಪಟ್ಟೆ. ಯಾರು ನೋಡಿದರೂ ವಿಭೂತಿಯೇ. ಜನ್ಮವೆಲ್ಲ ನಾಮ ಹಾಕಿದವರ ಮತವನ್ನು ಸತ್ತ ಮೇಲೆ ನಾನು ಬದಲಾಯಿಸಿಬಿಟ್ಟಿದ್ದೆ!

ದಾಸಯ್ಯನನ್ನು ಬಸ್ ಸ್ಟಾಪಿನಿಂದ ಬೈಕಿನಲ್ಲಿ ಹಿಡಿದು ತಂದರು. ಅವನೂ ಜೋರು ಮಾಡಿದ. "ನಂದೇನ್ ತಪ್ಪು? ಯಜಮಾನ್ರು ಅಣೆ ತುಂಬಾ ಈಬೂತಿ ಬಳ್ಕಂಡು ಬಾಗ್ಲಲ್ಲೇ ನಿಂತವ್ರೆ. ಇದು ನಮ್ ಮನೆ ಅಲ್ಲ ಅಂತ ಒಂಟೋದೆ. ಅದು ಅಂಗೇ ಇದ್ರೆ ನಾನು ಶಂಖ ಊದಾಕಿಲ್ಲ."

ಫ್ಲೆಕ್ಸು ಇಳಿಸಿಬಿಡಿ ಅಂದರು ಕೆಲವರು. ಅಪ್ಪನ್ನ ಇಳಿಸಲು ಬಿಡುವುದಿಲ್ಲ ಅಂತ ಮಗ ಅಡ್ಡ ನಿಂತ. ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ಹೇಳಿದ್ದೆ, ಬೇಡ ಅಂದಿದ್ದೆ, ಎಳೆಯಬೇಡ ಅಂದಿದ್ದೆ ಅಂತ ಕೂಗಿಕೊಂಡೆ. ಅಡುಗೆಯವನೊಬ್ಬ ಮಾತ್ರ ನನ್ನ ಕಡೆ ನೋಡಿ ತಲೆ ಆಡಿಸಿದ, ಅದೂ ಅನ್ನ ಆರಿಹೋಗುತ್ತಿದೆ ಅನ್ನುವುದಕ್ಕೆ.

ಆಗ ನನಗೂ ರೋಷ ಬಂತು. ಅಂಗಡಿಗೆ ಹೋಗಿ ಅಟ್ಟದ ಮೇಲಿದ್ದ ಬಣ್ಣದ ಡಬ್ಬ, ಬ್ರಷ್ ತಂದೆ. ಏಣಿ ಹಾಕಿಸಿ ಹತ್ತಿದೆ. ಮೈಬಣ್ಣ ಕಲಸಿ ಆ ಮೂರು ಪಟ್ಟೆಯನ್ನು ಮೇಲಿಂದ ಕೆಳಗೆ ಹದವಾಗಿ ಕೂಡಿಸುತ್ತ ಬಂದೆ. ಎಷ್ಟೋ ವರ್ಷವಾಗಿತ್ತು, ಆದರೂ ಕೈ ಮರೆತಿರಲಿಲ್ಲ. ಹಣೆ ನುಣ್ಣಗಾಯಿತು. ಅದರ ಮೇಲೆ ಬಿಳಿಯ ನಾಮ, ನಡುವೆ ಕೆಂಪು ಗೆರೆ ಬರೆದು ಇಳಿದೆ.

ದಾಸಯ್ಯ ಫ್ಲೆಕ್ಸಿಗೆ ಕೈಮುಗಿದು ಶಂಖ ಊದಿದ. ಮಗ ನನ್ನ ಕೈ ಹಿಡಿದುಕೊಂಡು ಅತ್ತ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ತೀರಿಕೊಂಡವರ ಅಕ್ಕ, ತೊಂಬತ್ತರ ಹತ್ತಿರದ ಮುದುಕಿ, ಜಗಲಿಯಿಂದ ಇಷ್ಟನ್ನೂ ನೋಡುತ್ತಿದ್ದವರು ಕೋಲೂರಿಕೊಂಡು ನನ್ನ ಮುಂದೆ ಬಂದರು. "ಈ ಪಾಟಿ ಕೈಕೆಲ್ಸ ಬತ್ತದೆ, ಆ ಕಂಪೂಟ್ರು ಪೆಟ್ಗೆ ಇಟ್ಕಂಡು ಯಾಕ್ಲಾ ಮಾನ ಕಳ್ಕತೀಯ?" ಅಂದರು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಪರದೆ, ಬಿಟ್ಟು, ಛಾಯೆ ಅಂತ ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ಅವರು ಒಂದು ಕುರ್ಚಿ ಎಳೆಸಿಕೊಂಡು, ಸೆರಗು ಸರಿಮಾಡಿಕೊಂಡು, ನನ್ನೆದುರಿಗೆ ನೆಟ್ಟಗೆ ಕೂತರು.

"ಬಣ್ಣ ಇನ್ನೂ ಉಳಿದದಾ? ಅಂಗಾರೆ ನಂದೂ ಒಂದ್ ಪಟ ಈಗ್ಲೇ ಬರ್ದುಬುಡು. ಆಮ್ಯಾಕೆ ಇವ್ರು ನನ್ನುನ್ನೂ ಪೆಟ್ಗೆಗೆ ಕೊಟ್ರೆ, ನಾನು ಎದ್ ಬಂದು ಜಗ್ಳ ಆಡಕ್ಕಾಯ್ತದಾ?"

ಸುತ್ತ ನಿಂತವರೆಲ್ಲ ತಿಥಿಯ ಮನೆ ಅನ್ನುವುದನ್ನೂ ಮರೆತು ನಕ್ಕರು. ನಾನು ಬ್ರಷ್ ತೊಳೆದುಕೊಂಡು, ಮುಖ ಸ್ವಲ್ಪ ತಿಳಿಯಾಗಿ ಬರೆಯಲೇ ಅಜ್ಜಿ ಅಂತ ಕೇಳಿದೆ.

ಮುದುಕಿ ಕೋಲು ಎತ್ತಿದರು. "ಯಾಕ್ಲಾ? ಇರೋದು ಎಂಗೈತೋ ಅಂಗೇ ಬರಿ. ನೀನು ಬೆಳ್ಳಗ್ ಮಾಡ್ಬುಟ್ರೆ, ಮ್ಯಾಲೆ ನಮ್ಮೆಜಮಾನ ಇವ್ಳ್ಯಾರೋ ಬ್ಯಾರೆಯವ್ಳು ಅಂತ ಒಳೀಕೇ ಸೇರ್ಸಾಕಿಲ್ಲ!"