ಕೊನೆಯ ಕಂತಿನ ಬದಲು ಮದುವೆ ತೋರಿಸಿದ ಕೇಬಲ್ ಮಾಲೀಕರಿಗೆ

ಸಂಡೂರು, 2009

ಇಡೀ ಊರಿನ ಟಿ.ವಿ.ಗಳಿಗೆ ಒಡೆಯರಾದ ಮಾನ್ಯ ಉಚ್ಚೆಂಗಪ್ಪನವರೇ,

ತಮಗೂ, ತಮ್ಮ ಮಾಳಿಗೆಯ ಮೇಲೆ ಆಕಾಶಕ್ಕೆ ಕಿವಿಗೊಟ್ಟು ಕೂತಿರುವ ಡಿಶ್ಶುಗಳಿಗೂ ಸಾಷ್ಟಾಂಗ ನಮಸ್ಕಾರಗಳು.

ನಾಲ್ಕು ವರ್ಷಗಳ ಹಿಂದೆ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ದಿನಾ ಸಂಜೆ ಐದೂವರೆಗೆ ತಾವು ಕೃಪೆಯಿಟ್ಟು ಕಳಿಸುತ್ತಿದ್ದ ಜಪಾನಿ ಕಾರ್ಟೂನನ್ನು ಗೆಳತಿ ಗಂಗಾಂಬಿಕಾಳ ಮನೆಯಲ್ಲಿ ಕೂತು ನೋಡುತ್ತಿದ್ದೆ. ಅದಕ್ಕೆ ಅನಿಮೆ ಎನ್ನುತ್ತಾರೆಂದು ನಮಗೆ ಹೇಳುವವರಿರಲಿಲ್ಲ. ಹಿಂದಿಯ ಮಾತು ಅರ್ಧ ತಿಳಿಯುತ್ತಿತ್ತು; ಉಳಿದರ್ಧವನ್ನು ಅವರ ತಟ್ಟೆಯಗಲದ ಕಣ್ಣುಗಳಲ್ಲಿ ಓದಿಕೊಳ್ಳುತ್ತಿದ್ದೆವು. ಕಡಲಲ್ಲಿ ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಹಾರುವ ದೋಣಿಯಲ್ಲಿ ಹೊರಟ ಹುಡುಗಿಯ ಕಥೆ ಅದು. ಗಂಗಾಂಬಿಕಾಳ ಅಣ್ಣ ವೀರೇಶನೂ ಅಪ್ಪನೊಂದಿಗೆ ಜಗಳವಾಡಿ, ಅದಿರಿನ ಲಾರಿ ಹತ್ತಿ ಬಂದರಿನ ಕಡೆ ಹೋಗಿ ಎಂಟು ತಿಂಗಳಾಗಿತ್ತು. ಹೀಗಾಗಿ ಆ ಹುಡುಗಿಗೆ ಅಣ್ಣ ಸಿಗುತ್ತಾನೋ ಇಲ್ಲವೋ ಎಂಬುದು ಅವಳಿಗೆ ಬರೀ ಕಾರ್ಟೂನಿನ ಮಾತಾಗಿರಲಿಲ್ಲ.

ಕೊನೆಯ ಕಂತಿನ ದಿನ ಟಿ.ವಿ. ಹಾಕಿದರೆ, ದಯಾಮಯರಾದ ತಾವು ಗಣಿ ಮಾಲೀಕರೊಬ್ಬರ ಮಗಳ ಮದುವೆ ಬಿತ್ತರಿಸುತ್ತಿದ್ದಿರಿ. ಮದುಮಗ ಹೆಲಿಕಾಪ್ಟರಿನಿಂದ ಇಳಿಯುತ್ತಿದ್ದ. ನಾವಿಬ್ಬರೂ ತಮ್ಮ ಆಫೀಸಿಗೆ ಓಡಿ ಬಂದೆವು.

"ಅಣ್ಣಾರ, ಅರ್ಧ ತಾಸು ಕಾರ್ಟೂನ್ ಹಾಕ್ರಿ, ಆಮ್ಯಾಲೆ ಮದುವಿ ತೋರ್ಸ್ರಿ," ಎಂದು ಗಂಗಾಂಬಿಕಾ ಬೇಡಿಕೊಂಡಳು.

"ಭಾಳ ದೊಡ್ಡ ಮಂದಿ ಮದುವಿ ಐತವ್ವ. ಗೊಂಬಿ ನಾಳೆನೂ ಬರ್ತಾವ, ಹೋಗ್ರಿ," ಎಂದಿರಿ.

ನಾಳೆಯೂ ಮದುವೆಯೇ ಬಂತು; ನಾಡಿದ್ದೂ ಬಂತು. ಊಟದ ಪಂಕ್ತಿಯನ್ನು ಒಂದೆಲೆಯೂ ಬಿಡದೆ ತೋರಿಸಿದ ತಮ್ಮ ಶ್ರದ್ಧೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆ.

ಆ ಭಾನುವಾರ ಕಂತು ಮತ್ತೆ ಬರುತ್ತದೆಂದು ತಿಳಿದು, ಗಂಗಾಂಬಿಕಾ ತಮ್ಮ ಕೇಬಲ್ ತಲುಪದ ಹೊಸಪೇಟೆಯ ಸೋದರತ್ತೆ ಮನೆಗೆ ಬಸ್ಸು ಹತ್ತಿದಳು. ಸೋಮವಾರ ಶಾಲೆಯ ಬೇವಿನ ಮರದಡಿ ಇಡೀ ತರಗತಿಗೆ ಕಥೆಯ ಕೊನೆ ಹೇಳಿದಳು: ಅಣ್ಣ ಬದುಕಿದ್ದ, ಬಂದು ಬಾಗಿಲಲ್ಲಿ ನಿಂತ, ತಂಗಿ ಒಂದು ಮಾತೂ ಕೇಳದೆ ಬಡಿಸಿದಳು. ನಾವೆಲ್ಲ ಅತ್ತೆವು. ನಾನದನ್ನು ರಫ್ ಪುಸ್ತಕದಲ್ಲಿ ಹನ್ನೆರಡು ಪುಟ ಚಿತ್ರ ಬರೆದಿಟ್ಟೆ.

ಕಳೆದ ತಿಂಗಳು ಹೊಸಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ, ತಡೆತಡೆದು ಬರುವ ಆ ಕಂತನ್ನು ಕಡೆಗೂ ನೋಡಿದೆ. ಅಣ್ಣ ಬರುವುದೇ ಇಲ್ಲ. ಹುಡುಗಿ ದಡದಲ್ಲಿ ಒಬ್ಬಳೇ ಕೂತಿರುತ್ತಾಳೆ. ನೆಟ್ಟಗೆ ಗಂಗಾಂಬಿಕಾಳ ಹತ್ತಿರ ಹೋಗಿ ಕೇಳಿದೆ.

"ಬಸ್ಸು ಲಾರಿ ಸಾಲಿನ ಹಿಂದ ಸಿಕ್ಕೊಂಡಿತ್ತಲೇ. ನಾ ಹೋಗೋದ್ರಾಗ ಮುಗಿದಿತ್ತು," ಎಂದಳು. ಮತ್ತೆ ತಾನಾಗಿಯೇ, "ನಂಗ ಹಂಗ ಆಗ್ಬೇಕಿತ್ತು, ಹಂಗ ಹೇಳ್ದೆ," ಎಂದಳು.

ವೀರೇಶ ಮರುವರ್ಷವೇ ಮನೆಗೆ ಬಂದ, ಮಾನ್ಯರೇ. ಅವಳು ಒಂದು ಮಾತೂ ಕೇಳದೆ ಬಡಿಸಲಿಲ್ಲ. ಅರ್ಧ ತಾಸು ಬೈದು, ಆಮೇಲೆ ರೊಟ್ಟಿ ಹಾಕಿದಳು.

ಆದ್ದರಿಂದ ನನ್ನ ವಿನಂತಿ ಸಣ್ಣದು. ತಾವು ಜಪಾನಿಗೆ ಒಂದು ಫೋನು ಮಾಡಿ, ಅವರ ಕೊನೆಯ ಕಂತು ತಪ್ಪಾಗಿದೆಯೆಂದೂ, ಸರಿಯಾದದ್ದು ಸಂಡೂರಿನಲ್ಲಿ ಸಿಗುತ್ತದೆಂದೂ ತಿಳಿಸಬೇಕು. ಬೈಗುಳದ ಭಾಗವನ್ನು ಗಂಗಾಂಬಿಕಾ ತಾನೇ ಬಂದು ಹೇಳಿಕೊಡಲು ಒಪ್ಪಿದ್ದಾಳೆ.

ಪರರ ಮದುವೆಯನ್ನು ಮೂರು ದಿನ ಕಣ್ತುಂಬ ಕಂಡ,
ತಮ್ಮ ವಿಶ್ವಾಸಿ
ಸುಮಲತಾ

ಮರೆತ ಮಾತು: ಮೊನ್ನೆ ನಮ್ಮ ಮನೆಗೆ ಸ್ವಂತ ಡಿಶ್ ಹಾಕಿಸಿದೆವು. ತಮ್ಮ ವೈರನ್ನು ಕಿತ್ತಿಲ್ಲ. ಅಮ್ಮ ಅದರ ಮೇಲೆ ಬಟ್ಟೆ ಒಣಹಾಕುತ್ತಾಳೆ. ಅದು ಇದೇ ಮೊದಲ ಸಲ ಒಂದು ದಿನವೂ ತಪ್ಪದೆ ಕೆಲಸ ಮಾಡುತ್ತಿದೆ.