ಷಟರ್ ಬಿದ್ದ ಬ್ಯಾಂಡ್

"ಮೂವತ್ತು ವರ್ಷದಲ್ಲಿ ಈ ಬೀದಿ ನಮಗೆ ಒಂದು ಚಪ್ಪಾಳೆ ತಟ್ಟಿಲ್ಲ. ಇವತ್ತು ತಟ್ಟಿಸಿಯೇ ತೀರ್ತೀನಿ!" ಎಂದು ಲೆಕ್ಕದ ಮೇಷ್ಟ್ರು ಗಿಟಾರ್ ಹೆಗಲಿಗೇರಿಸಿ ಗುಡುಗಿದರು.

"ಚಪ್ಪಾಳೆ ಆಮೇಲೆ ತಟ್ಟಿಸಿ, ಮೊದಲು ಊಟದ ತಟ್ಟೆ ಎತ್ತಿ," ಎಂದರು ಹೆಂಡತಿ.

ಮೂವತ್ತು ವರ್ಷದ ಹಿಂದೆ ಮೇಷ್ಟ್ರ ಗ್ಯಾರೇಜಿನಲ್ಲೇ ಹುಟ್ಟಿ, ಹನ್ನೆರಡು ವರ್ಷದ ಹಿಂದೆ ಜಗಳವಾಡಿ ಒಡೆದುಹೋಗಿದ್ದ ರಾಕ್ ಬ್ಯಾಂಡ್ ಅದು. ಈಗ ಮತ್ತೆ ಒಂದಾಗಿದ್ದೇ ವಿದಾಯ ಹೇಳುವುದಕ್ಕೆ. ಸಂಜೆ ಐದಕ್ಕೆ ಲೈಬ್ರರಿ ಹಾಲ್‌ನಲ್ಲಿ ಕೊನೆಯ ರೆಕಾರ್ಡಿನ ಬಿಡುಗಡೆ. ಹೆಸರು 'ಇದೇ ಕೊನೆ'. ಮೂರಕ್ಕೆ ಗ್ಯಾರೇಜಿನಲ್ಲಿ ಕಡೆಯ ಅಭ್ಯಾಸ. ಡ್ರಮ್ ಬಾರಿಸುವ ಹಲ್ಲಿನ ಡಾಕ್ಟರಿಗೆ ನಡುವೆ ರೋಗಿಗಳು ಫೋನ್ ಮಾಡುತ್ತಾರೆಂದು ಎಲ್ಲರ ಫೋನನ್ನೂ ಮೇಷ್ಟ್ರೇ ಕಿತ್ತು ಅಡುಗೆಮನೆಯಲ್ಲಿಟ್ಟಿದ್ದರು. ಶಿಸ್ತು ಅಂದರೆ ಶಿಸ್ತು!

ಡಾಕ್ಟರು ಕೊನೆಯ ಏಟು ಹಾಕಿದ್ದೇ ತಡ, ಅರ್ಧ ಎತ್ತಿದ್ದ ಷಟರ್ ದಡಾರನೆ ಬಿದ್ದು ಓರೆಯಾಗಿ ಕಚ್ಚಿಕೊಂಡಿತು. ಮೂವರೂ ಸೇರಿ ಎತ್ತಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೇರೆ ಬಾಗಿಲೂ ಇರಲಿಲ್ಲ.

"ಭಾವ, ಕೂಗೋಣ್ವಾ?" ಎಂದ ಬೇಸ್ ಗಿಟಾರಿನ ಭಾವಮೈದುನ.

ಕೂಗಿದರು. ಎದುರುಮನೆಯ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಡ್ರಮ್ ಬಡಿದರು, ಪಕ್ಕದ ಮನೆಯದೂ ಮುಚ್ಚಿತು. ಮೇಷ್ಟ್ರು ಮೈಕ್ ಹಿಡಿದು "ಕಾಪಾಡಿ!" ಎಂದು ಅರಚಿದರು.

"ಇದು ಹೊಸ ಹಾಡು ಅನ್ಸುತ್ತೆ," ಎಂದು ಹೊರಗೆ ಯಾರೋ ಹೇಳಿ ಮುಂದೆ ಹೋದರು.

ನಾಲ್ಕೂವರೆಗೆ ಮೇಷ್ಟ್ರು ಮೈಕ್ ಕೆಳಗಿಟ್ಟರು. ಹನ್ನೆರಡು ವರ್ಷ ಕಾದ ದಿನ ಕಣ್ಣೆದುರೇ ಕೈತಪ್ಪುತ್ತಿತ್ತು. ಅಳು ಬಂದಂತಾಗಿ ನೆಲಕ್ಕೆ ಕುಕ್ಕರಿಸಿದರು. ಡಾಕ್ಟರು ಡ್ರಮ್ಮಿನ ಕೋಲು ಬದಿಗಿಟ್ಟರು, ಭಾವಮೈದುನ ಗಿಟಾರನ್ನು ಗೋಡೆಗೆ ಒರಗಿಸಿದ.

ಐದು ನಿಮಿಷವಾಗಿರಲಿಲ್ಲ, ಹೊರಗಿನಿಂದ ಯಾರೋ ಹಾರೆ ಹಾಕಿ ಮೀಟಿದರು. ಷಟರ್ ಮೇಲೆದ್ದಿತು. ಮುಂದೆ ಏದುಸಿರು ಬಿಡುತ್ತಿದ್ದ ಹೆಂಡತಿ, ಹಿಂದೆ ಇಡೀ ಬೀದಿ.

"ಕಿವಿಗೆ ಹತ್ತಿ ಇಟ್ಕೊಂಡ್ರೂ ಕೇಳೋ ಸದ್ದು ನಿಂತೇ ಹೋಯ್ತಲ್ಲ ರೀ! ಎದೆ ಧಸಕ್ ಅಂತು."

ಅಷ್ಟರಲ್ಲಿ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣು ತುಂಬಿತು. ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಹಾಡಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ," ಹೆಂಡತಿ ಪಿಸುಗುಟ್ಟಿದರು.

ಬಗ್ಗಿದ್ದ ಮೇಷ್ಟ್ರು ಸೆಟೆದು ನಿಂತರು. "ಹಾಗಾದ್ರೆ ವಿದಾಯ ರದ್ದು."

"ಭಾವ, ಕವರಿನ ಮೇಲೆ 'ಇದೇ ಕೊನೆ' ಅಂತ ಅಚ್ಚಾಗಿದೆಯಲ್ಲ?"

"ಪಕ್ಕದಲ್ಲಿ 'ಭಾಗ ಒಂದು' ಅಂತ ಬರಿ. ನಡೀರಿ ಹಾಲ್‌ಗೆ."

ಹೆಂಡತಿ ಒಳಗಿನಿಂದ ಹತ್ತಿಯ ಕಟ್ಟು ತಂದು ಬೀದಿಯವರಿಗೆಲ್ಲ ಒಂದೊಂದು ತುಂಡು ಹಂಚಿದರು. ತಮಗೆ ಮಾತ್ರ ಇಟ್ಟುಕೊಳ್ಳಲಿಲ್ಲ.