ಸಾಸಿವೆಯಷ್ಟು ಮೆಷಿನ್ನು, ಎಮ್ಮೆಯಷ್ಟು ಎಮ್ಮೆ

ಕಡ್ಡಿಯಲ್ಲಿ ಬರೆದ ದಾರಿ

“ಅಕ್ಕ, ನೊಣವಿನಕೆರೆಗೆ ಹಿಂಗೇ ಹೋಗ್ಬೇಕಾ?”

ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸು ನನ್ನ ಸ್ಕೂಟರನ್ನು ಹಿಂದೆ ಮುಂದೆ ನೋಡಿದಳು. “ನೀನು ನೊಣವಿನಕೆರೆ ಕಡೆಯಿಂದ್ಲೇ ಬತ್ತಿದ್ದೀಯ ಕಣವ್ವ.”

ಇಂಥವು ನನಗೆ ಆಗುತ್ತಲೇ ಇರುತ್ತವೆ. ಭಾಷೆ ಬಾರದ ಹ್ಯಾನೋಯ್‌ನಲ್ಲಿ ದಾರಿ ತಪ್ಪಿದ್ದೇನೆ, ಇಸ್ತಾಂಬುಲ್‌ನಲ್ಲಿ ಎರಡು ಸಲ ತಪ್ಪಿದ್ದೇನೆ. ಅಲ್ಲೆಲ್ಲ ಗುರುತಿಗೆ ಒಂದು ಗೋಪುರವಾದರೂ ಇರುತ್ತದೆ. ತಿಪಟೂರು ಸೀಮೆಯಲ್ಲಿ ಎಡಕ್ಕೆ ತಿರುಗಿದರೂ ತೆಂಗು, ಬಲಕ್ಕೆ ತಿರುಗಿದರೂ ತೆಂಗು. ಫೋನಿನ ಮ್ಯಾಪು ಹಳ್ಳ ದಾಟಿದ ಮೇಲೆ ಮಾತು ನಿಲ್ಲಿಸಿತ್ತು.

ನಾನು ಹುಡುಕುತ್ತಿದ್ದದ್ದು ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುವ ವರ್ಕ್‌ಶಾಪು. ಆಕೆ ಕಡ್ಡಿ ತಗೊಂಡು ಮಣ್ಣಿನ ಮೇಲೆ ದಾರಿ ಗೀಚಿದಳು. ಅದರಲ್ಲಿ ಎಮ್ಮೆ ಕೊಟ್ಟಿಗೆ ತಟ್ಟೆಯಷ್ಟಿತ್ತು, ನೊಣವಿನಕೆರೆ ಬಟಾಣಿಯಷ್ಟಿತ್ತು.

“ಅಕ್ಕ, ಅಳತೆ ಸರಿ ಇಲ್ವಲ್ಲ?” ಅಂದೆ. ಚಿತ್ರ ಬರೆಯುವುದೇ ನನ್ನ ಕಸುಬು, ಬಾಯಿ ಸುಮ್ಮನಿರಲಿಲ್ಲ.

“ಅಳತೆ ತಗೊಂಡು ಏನ್ ಮಾಡ್ತೀಯ? ಊರು ಸಿಕ್ರೆ ಸಾಲ್ದಾ? ಚಿತ್ರ ಬರೆಯೋಳಾ ನೀನು? ಹಂಗಾದ್ರೆ ನಮ್ ಎಮ್ಮೇದೊಂದು ಬರ್ಕೊಡು. ಮನೇಲಿ ಎಲ್ಲಾರ್ ಫೋಟೋನೂ ಐತೆ, ದುಡಿಯೋಳ್ದೇ ಇಲ್ಲ.”

ದಾರಿ ಸಿಕ್ಕ ಖುಷಿಯಲ್ಲಿ “ಖಂಡಿತ” ಅಂದುಬಿಟ್ಟೆ. ಕಡ್ಡಿ ನಕ್ಷೆ ನನ್ನನ್ನು ನೇರ ವರ್ಕ್‌ಶಾಪಿನ ಬಾಗಿಲಿಗೆ ತಂದಿತು. ಎಮ್ಮೆ ಅಷ್ಟರಲ್ಲೇ ಮರೆತುಹೋಗಿತ್ತು.

ಪರದೆಯ ಮೇಲಿನ ಧೂಳು

ವರ್ಕ್‌ಶಾಪಿನ ಯಜಮಾನರ ಕಷ್ಟ ಇಷ್ಟು. ಅವರ ಯಂತ್ರ ಬಿಡಿ ಬಿಡಿಯಾಗಿ ಮೂಟೆಯಲ್ಲಿ ಹೋಗುತ್ತದೆ, ಕೊಂಡವರೇ ಜೋಡಿಸಿಕೊಳ್ಳಬೇಕು. ಹಿಂದೆ ಕೊಂಡವರೊಬ್ಬರು ಬ್ಲೇಡನ್ನು ಹಿಂದುಮುಂದಾಗಿ ಕೂರಿಸಿ, ಸಿಪ್ಪೆ ಮುಖಕ್ಕೆ ಬಡಿಸಿಕೊಂಡು, ಮೂಟೆ ವಾಪಸ್ಸು ಕಳಿಸಿದ್ದರು. ಈಗ ದಬ್ಬೇಘಟ್ಟದ ಕಡೆಯ ಒಂದು ಮಹಿಳಾ ಸಂಘ, “ಚಿತ್ರ ನೋಡಿ ನಾವೇ ಜೋಡಿಸೋ ಹಂಗಿದ್ರೆ ತಗೋತೀವಿ, ಇಲ್ದಿದ್ರೆ ಬ್ಯಾಡ” ಅಂದಿತ್ತು. ಆ ಚಿತ್ರದ ಪುಸ್ತಕ ಬರೆಯಲು ನನ್ನನ್ನು ಕರೆಸಿದ್ದರು.

“ಇದೂ ವಾಪಸ್ ಬಂದ್ರೆ ಶಟರ್ ಎಳ್ದು ಮನೇಗ್ ಹೋಗ್ಬೇಕು ಮೇಡಂ,” ಅಂದರು ಯಜಮಾನರು.

ಅಲ್ಲಿ ನಕ್ಷೆ ಬರೆಯುವವರು ಒಬ್ಬರಿದ್ದರು. ಐವತ್ತು ದಾಟಿದವರು, ಮಾತು ಕಮ್ಮಿ. ಅವರು ಕಂಪ್ಯೂಟರಿನಲ್ಲಿ ಬರೆದ ಇಂಜಿನಿಯರಿಂಗ್ ಫೈಲನ್ನು ನನ್ನ ಚಿತ್ರದ ಸಾಫ್ಟ್‌ವೇರಿಗೆ ತರುವುದು ಮೊದಲ ಕೆಲಸ. ಒಳಗೆ ಬಿಡುವ ಮುಂಚೆ ಅದು ಹೊಸ ಅಳಿಯನನ್ನು ವಿಚಾರಿಸುವ ಹಾಗೆ ಮೂರು ಪ್ರಶ್ನೆ ಕೇಳುತ್ತದೆ: ಅಳತೆ ಯಾವುದರಲ್ಲಿ? ಬಚ್ಚಿಟ್ಟದ್ದೇನಾದರೂ ಇದೆಯಾ? ಹಾಳೆಗೆ ಹೊಂದಿಸಲಾ, ಇದ್ದ ಹಾಗೇ ಬಿಡಲಾ?

ಮೊದಲ ಪ್ರಶ್ನೆಗೆ ಎಲ್ಲರೂ ಹೇಳುವಂತೆ “ಮಿಲಿಮೀಟರ್” ಅಂದೆ. ಪರದೆ ಬೆಳ್ಳಗೆ ತೆರೆದುಕೊಂಡಿತು. ನಡುವೆ ಒಂದು ಧೂಳಿನ ಕಣ. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ.

ನಕ್ಷೆಯವರು ಬಗ್ಗಿ ನೋಡಿದರು. “ಮೇಡಂ, ನಮ್ ಯಜಮಾನ್ರು ಅಡೀಲಿ ಯೋಚ್ನೆ ಮಾಡೋದು, ಅದ್ಕೆ ನಾನು ಅಡೀಲೇ ಬರ್ದಿದ್ದೀನಿ.”

ಅಂದರೆ ನಾಲ್ಕು ಅಡಿ ಎತ್ತರದ ಯಂತ್ರ ನಾಲ್ಕು ಮಿಲಿಮೀಟರಾಗಿ ಕೂತಿತ್ತು. “ಯಾವ ಲೆಕ್ಕದ ಅಳತೆ ಅಂತ ಮೊದಲು ಬರೀಬೇಕು ಸಾರ್, ಇದು ಬಾಲಪಾಠ,” ಎಂದು ಅವರಿಗೆ ಐದು ನಿಮಿಷ ಬೋಧನೆ ಮಾಡಿದೆ. ಮಾಡುತ್ತ ಮಾಡುತ್ತ ಇನ್ನೂ ಕೆರೆಯುತ್ತಿದ್ದೆನೇನೋ.

ಯಜಮಾನರು ಕೈ ಮುಗಿದರು. “ಉಗುರು ತೆಗೀರಿ ಮೇಡಂ. ಅದು ನನ್ ಹತ್ತು ವರ್ಷದ ಶ್ರಮ.”

ಬಚ್ಚಿಟ್ಟ ಹಾಳೆ

ಇಂಥ ನಕ್ಷೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಬೇಡವಾದ ಹಾಳೆಯನ್ನು ಕಾಣದಂತೆ ಮಾಡಬಹುದು, ಆದರೆ ಅದು ಒಳಗೇ ಇರುತ್ತದೆ. ಬಚ್ಚಿಟ್ಟದ್ದೂ ಬರಲಾ ಎಂದು ಸಾಫ್ಟ್‌ವೇರು ಕೇಳಿದರೆ ನಾನು ಯಾವಾಗಲೂ ಬರಲಿ ಅನ್ನುತ್ತೇನೆ. ಸಂಸಾರಸ್ಥರು ಅನ್ನಬಾರದು. ಅಳತೆ ಅಡಿ ಎಂದು ತಿದ್ದಿ, ಫೈಲನ್ನು ಮತ್ತೆ ತರುವಾಗಲೂ ಬರಲಿ ಅಂದೆ.

ಬಂತು. ಮೋಟಾರು, ಬೆಲ್ಟು, ಗಾಲಿ. ಅವುಗಳ ಮೇಲೆ ಅಡ್ಡಡ್ಡ ಒಂದು ಹೊಸ ಶೆಡ್ಡಿನ ಪ್ಲಾನು. ಲೇತ್ ಎಲ್ಲಿ, ವೆಲ್ಡಿಂಗ್ ಎಲ್ಲಿ, ಕುರ್ಚಿ ಎಲ್ಲಿ ಎಂದು ಚೊಕ್ಕವಾಗಿ ಗುರುತು ಮಾಡಿತ್ತು. ಮುಂದುಗಡೆ ಬೋರ್ಡು. ಬೋರ್ಡಿನ ಮೇಲೆ ನಕ್ಷೆಯವರ ಹೆಸರು.

ನಕ್ಷೆಯವರು ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದರು. ಅದು ತಿರುಗುತ್ತಿರಲಿಲ್ಲ. ಯಜಮಾನರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ನಾನು ಚೀಲ ಎತ್ತಿಕೊಂಡು ಹೊರಡುವುದೋ ಕೂರುವುದೋ ಎಂದು ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ಯಜಮಾನರು ನೆಟ್ಟಗಾದರು. “ಬಾಗ್ಲು ಸಣ್ಣದಾಯ್ತು ಕಣಯ್ಯ. ಲಾರಿ ರಿವರ್ಸ್ ಬರಲ್ಲ.”

“ಎಷ್ಟ್ ಮಾಡ್ಲಿ ಸಾರ್?” ಅಂದರು ನಕ್ಷೆಯವರು.

“ಹನ್ನೆರಡಡಿ ಮಾಡು. ಆಮೇಲೆ ಈ ಮೇಡಂ ಹತ್ರ ಏನನ್ನೂ ಬಚ್ಚಿಡ್ಬೇಡ.”

ಕಡಗ

ಆ ಎರಡನೇ ಸಲ ಮೂರನೆಯ ಪ್ರಶ್ನೆಗೆ “ಹಾಳೆಗೆ ಹೊಂದಿಸು” ಅಂದಿದ್ದೆ. ಅದು ವಿಧೇಯವಾಗಿ ಪ್ರತಿಯೊಂದು ಭಾಗವನ್ನೂ ಹಾಳೆ ತುಂಬುವಷ್ಟು ಹಿಗ್ಗಿಸಿತ್ತು. ಒಂದು ಪುಟದಲ್ಲಿ ದೊಡ್ಡ ಗಾಲಿ, ಪಕ್ಕದ ಪುಟದಲ್ಲಿ ಬೋಲ್ಟಿಗೆ ಹಾಕುವ ಪುಟ್ಟ ಬಿಲ್ಲೆ ವಾಷರು, ಅದೂ ಅಷ್ಟೇ ದೊಡ್ಡದು. ನೋಡಲು ಸೊಗಸಾಗಿತ್ತು, ಹಾಗೇ ಕಳಿಸಿಬಿಟ್ಟೆ.

ಮಾರನೇ ದಿನ ಯಜಮಾನರ ಫೋನು. ಮಾದರಿ ಪುಸ್ತಕ ಹಿಡಿದು ತಿಪಟೂರಿನ ಹಾರ್ಡ್‌ವೇರ್ ಅಂಗಡಿಗೆ ವಾಷರ್ ತರಲು ಹೋಗಿದ್ದರಂತೆ. ಅಂಗಡಿಯವರು ಪುಟದ ಮೇಲೆ ಟೇಪು ಹಿಡಿದು ಅಳೆದು ಕೇಳಿದರಂತೆ: “ಆನೆ ಯಾವ ಮಠದ್ದು ಸ್ವಾಮಿ? ಕಾಲಿಗೆ ಕಡಗ ತಾನೆ?”

ಎಲ್ಲವನ್ನೂ ಒಂದೇ ಅಳತೆಗೆ ತಂದು ಮತ್ತೆ ಬರೆದೆ.

ಸಾಲದ ಎಮ್ಮೆ

ಸಂಘದ ಪರೀಕ್ಷೆಯ ದಿನ ಯಂತ್ರದ ಮೂಟೆ, ಪುಸ್ತಕ, ಯಜಮಾನರು, ನಕ್ಷೆಯವರು, ನಾನು ಎಲ್ಲ ಸೇರಿ ಸಂಘದ ಅಧ್ಯಕ್ಷೆಯ ಅಂಗಳಕ್ಕೆ ಇಳಿದೆವು. ಕೊಟ್ಟಿಗೆ ಎಲ್ಲೋ ನೋಡಿದ ಹಾಗಿತ್ತು. ಎಮ್ಮೆಯೂ.

“ಬಂದ್ಯಾ?” ಅಂದಳು ಅಧ್ಯಕ್ಷೆ, ಅದೇ ಅಕ್ಕ. “ಅವತ್ತು ಊರು ಸಿಕ್ತಾ? ನನ್ ಎಮ್ಮೆ ಎಲ್ಲಿ?”

“ಅಕ್ಕ, ಕೆಲ್ಸದ ಗಡಿಬಿಡೀಲಿ...”

ಅವಳು ಯಜಮಾನರ ಕಡೆ ತಿರುಗಿದಳು. “ಈ ಪುಸ್ತಕ ಬರ್ದೋಳು ಇವಳೇನಾ? ಕೊಟ್ಟ ಮಾತಿನ ಎಮ್ಮೇನೇ ಬರ್ಲಿಲ್ಲ. ಇವಳ ಪುಸ್ತಕ ನಂಬಿ ಬ್ಲೇಡಿಗೆ ಕೈ ಕೊಡೋದು ಹೆಂಗೆ? ಮೂಟೆ ಬಿಚ್ಚಬ್ಯಾಡಿ.”

ಯಜಮಾನರ ಮುಖ ಒಣಕೊಬ್ಬರಿಯಾಯಿತು. “ಮೇಡಂ, ನಿಮ್ ದಮ್ಮಯ್ಯ, ಎಮ್ಮೆ ಬರೀರಿ!”

ಕೊಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ನನ್ನ ಟ್ಯಾಬಿನಲ್ಲಿ ಬರೆದೆ. ಅಕ್ಕ ಬೆನ್ನ ಹಿಂದೆ ನಿಂತು, “ಕೊಂಬು ಹಂಗಿಲ್ಲ, ಇನ್ನೂ ಸುತ್ತಬೇಕು. ಕಣ್ಣಲ್ಲಿ ಇನ್ನೊಂಚೂರು ಸೊಕ್ಕಿರ್ಲಿ” ಎಂದು ತಿದ್ದುತ್ತಿದ್ದಳು. ಸಂಜೆ ತುರುವೇಕೆರೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಫೈಲು ಕೊಟ್ಟು, ಗೋಡೆಗೆ ಹಾಕುವ ಫೋಟೋದ ಅಳತೆ ಚೀಟಿಯಲ್ಲಿ ಬರೆದೆ: ಎಂಟು, ಐದು.

ಬೆಳಿಗ್ಗೆ ಅದನ್ನು ತರಲು ಹೋದ ಯಜಮಾನರು ಬೈಕಿನ ಮೇಲೆ ಚಾಪೆಯಂಥ ಸುರುಳಿಯೊಂದನ್ನು ಹೆಗಲಿಗೆ ಆನಿಸಿಕೊಂಡು ಬಂದರು. ಅಂಗಳದಲ್ಲಿ ಬಿಚ್ಚಿದರೆ ಎಂಟಡಿ ಉದ್ದ, ಐದಡಿ ಎತ್ತರದ ಫ್ಲೆಕ್ಸು. ಕೊಟ್ಟಿಗೆಯೊಳಗಿನ ಎಮ್ಮೆ ಮೆಲುಕು ಹಾಕುವುದು ನಿಲ್ಲಿಸಿತು.

ನಕ್ಷೆಯವರು ನನ್ನ ಕಿವಿಯ ಹತ್ತಿರ ಬಂದರು. “ಇಂಚು ಅಂತ ಬರೆದಿದ್ರಾ ಮೇಡಂ?”

ಫ್ಲೆಕ್ಸ್ ಅಂಗಡಿಯವರೂ ಅಡಿಯಲ್ಲೇ ಯೋಚನೆ ಮಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅಕ್ಕ ಫ್ಲೆಕ್ಸನ್ನು ಒಂದು ಸಲ ನೋಡಿದಳು. “ಅದನ್ನ ಆಮೇಲೆ ನೋಡಾನ. ಮೂಟೆ ಬಿಚ್ಚಿ” ಅಂದಳು. ಸಂಘದ ಮೂವರು ಹೆಂಗಸರು ಪುಸ್ತಕ ನೋಡಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು, ಯಂತ್ರ ನಿಲ್ಲಿಸಿದರು. ಬ್ಲೇಡು ಸರಿಯಾಗಿ ಕೂತಿತ್ತು. ಮೊದಲ ಕಾಯಿಯ ಸಿಪ್ಪೆ ಮೂರು ಸೀಳಾಗಿ ಬುಟ್ಟಿಗೇ ಬಿತ್ತು, ಯಾರ ಮುಖಕ್ಕೂ ಬಡಿಯಲಿಲ್ಲ. “ತಗೋತೀವಿ” ಅಂದಳು ಅಕ್ಕ. ಯಜಮಾನರು ತೆಂಗಿನ ಮರಕ್ಕೆ ಒರಗಿ ಕೂತೇಬಿಟ್ಟರು.

ಆಮೇಲೆ ಅಕ್ಕ ಎಮ್ಮೆಯನ್ನು ಹೊರಗೆ ಎಳೆದುಕೊಂಡು ಬಂದು ಫ್ಲೆಕ್ಸಿನ ಪಕ್ಕ ನಿಲ್ಲಿಸಿದಳು. ಮೂತಿಯಿಂದ ಬಾಲದವರೆಗೆ ಗೇಣು ಹಾಕಿ ಅಳೆದಳು. ಚಿತ್ರದ ಎಮ್ಮೆಯನ್ನೂ ಗೇಣು ಹಾಕಿ ಅಳೆದಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

“ನಮ್ದಕ್ಕಿಂತ ಒಂದ್ ಗೇಣು ಉದ್ದ ಬಂದೈತೆ. ಇರ್ಲಿ ಬುಡವ್ವ, ಸಾಲ ತೀರ್ತು. ಇನ್ನೂ ಬೆಳೆಯೋ ಎಮ್ಮೆ.”